ಫ್ಯಾನು ಮಾರಿದ ಅಕ್ಕನಿಗೆ ವಕೀಲರ ಫೋನು

ಫೆಬ್ರವರಿ 4

ಮೋಡದ ಸಾಹೇಬರ ಸನ್ನಿಧಾನಕ್ಕೆ,

ಬೆಟ್ಟದ ನೆತ್ತಿಯ ಮೇಲೆ ಕೂತು ಮೋಡಗಳ ಹಾಜರಿ ತೆಗೆದುಕೊಳ್ಳುವ ತಮ್ಮನಿಗೆ ಕೆಳಲೋಕದ ಅಕ್ಕನ ಆಶೀರ್ವಾದಗಳು. ನಿನ್ನ ಹವಾಮಾನ ಕೇಂದ್ರಕ್ಕೆ ಈ ಜನ್ಮದಲ್ಲಿ ಫೋನಿನ ಸಿಗ್ನಲ್ ಬರುವ ಲಕ್ಷಣವಿಲ್ಲವಾದ್ದರಿಂದ, ವಾರಕ್ಕೊಮ್ಮೆ ಸಾಮಾನು ಹೊತ್ತು ಮೇಲೇರುವ ನಿಮ್ಮ ಜೀಪನ್ನೇ ನಂಬಿ ಬರೆಯುತ್ತಿದ್ದೇನೆ.

ಮಾರ್ಚ್ ಮೊದಲ ವಾರ ಬಂದು ಮಳೆ ಶುರುವಾಗುವವರೆಗೂ ನಿನ್ನ ತಲೆ ತಿನ್ನುತ್ತೇನೆ ಎಂದಿದ್ದೆನಲ್ಲ, ಅದರ ತಯಾರಿ ಭರದಿಂದ ಸಾಗಿದೆ. ಮನೆ ಖಾಲಿ ಬಿಟ್ಟು ಬರುವುದಲ್ಲವೇ, ಬೇಡದ ಸಾಮಾನನ್ನೆಲ್ಲ ಸಾಗಹಾಕುತ್ತಿದ್ದೇನೆ. ನಿವೃತ್ತಿಯ ದಿನ ಕಂಪನಿಯವರು ಕೊಟ್ಟ ಸ್ಟ್ಯಾಂಡ್ ಫ್ಯಾನು ನೆನಪಿದೆಯಾ? ಅಷ್ಟೂ ವರ್ಷ ದೂರು ವಿಭಾಗದಲ್ಲಿ ಕೂತು, ಆ ಫ್ಯಾನು ಯಾವ್ಯಾವ ವಿಧದಲ್ಲಿ ಕೈ ಕೊಡುತ್ತದೆಂದು ಊರವರ ಬಾಯಲ್ಲೆಲ್ಲ ಕೇಳಿಸಿಕೊಂಡವಳಿಗೆ, ಅದೇ ಫ್ಯಾನನ್ನು ಹೂಗುಚ್ಛದ ಸಮೇತ ಒಪ್ಪಿಸಿದ ಮಹಾನುಭಾವರು ಅವರು. ಅಂದಿನಿಂದ ಪ್ಲಾಸ್ಟಿಕ್ ಮುಸುಕು ಹಾಕಿಕೊಂಡು ಮೂಲೆಯಲ್ಲಿ ನಿಂತಿತ್ತು. ಸ್ವಿಚ್ ಒತ್ತುವ ಧೈರ್ಯ ನನಗೆ ಬರಲೇ ಇಲ್ಲ.

ಅದನ್ನು ಮಾರಿಬಿಟ್ಟೆ! ಅದೂ ಆನ್‌ಲೈನಿನಲ್ಲಿ! ಹಾಕಿದ ಫೋಟೋದಲ್ಲಿ ಅರ್ಧ ಫ್ಯಾನಿತ್ತು, ಇನ್ನರ್ಧ ನನ್ನ ಹೆಬ್ಬೆರಳು. ಆದರೂ ಸಂಜೆಯೊಳಗೆ ಗಿರಾಕಿ ಸಿಕ್ಕಿದ. ಒಂದು ಮಾತು ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದ ಗಿರಾಕಿಯನ್ನು ನಾನು ಕಂಡದ್ದು ಇದೇ ಮೊದಲು. ಯಾರೋ ದೊಡ್ಡ ಮನೆತನದವನಿರಬೇಕು ಎಂದುಕೊಂಡೆ.

ಸಾಮಾನು ತಲುಪಿದ ಮರುದಿನ ಮೆಸೇಜು ಬಂತು. "ಮೇಡಂ, ನಿಮ್ಮ ಫ್ಯಾನ್ ತುಂಬಾ ಸೌಂಡ್ ಮಾಡ್ತಿದೆ." ನನ್ನ ಬುದ್ಧಿ ಏಳುವ ಮೊದಲೇ ಬೆರಳು ಎದ್ದು ಕೆಲಸ ಮುಗಿಸಿತು: "ತಮಗಾದ ಅನನುಕೂಲಕ್ಕೆ ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ. ತಮ್ಮ ದೂರನ್ನು ಗಂಭೀರವಾಗಿ ಪರಿಗಣಿಸಲಾಗಿದೆ." ಎಷ್ಟು ಜನರ ಸಿಟ್ಟಿನ ಮೇಲೆ ಈ ಎರಡು ಸಾಲು ನೀರು ಹೊಯ್ದಿದೆ ಗೊತ್ತಾ? ಇವನೂ ಸುಮ್ಮನಾದ. ಕುರ್ಚಿ ಹೋದರೂ ಕೈಚಳಕ ಹೋಗಿಲ್ಲ ನೋಡು.

ಮೇಲೆ ಚಳಿ ಎಷ್ಟಿದೆ? ಒಂದು ಸ್ವೆಟರ್ ಸಾಕೋ, ಎರಡೋ? ಸರಿಯಾಗಿ ಅಳೆದು ಬರಿ. ಅದಕ್ಕೇ ತಾನೇ ನಿನಗೆ ಸಂಬಳ.

ನಿನ್ನ ಅಕ್ಕ


ಫೆಬ್ರವರಿ 11

ಅಕ್ಕಾ,

ನಿನ್ನ ಕಾಗದವನ್ನು ಹಾರ್ನಣ್ಣ ತಂದುಕೊಟ್ಟರು. ನಮ್ಮ ಜೀಪಿನ ಡ್ರೈವರ್ ಅವರು. ಎದುರಿನಿಂದ ಒಂದು ನಾಯಿಯೂ ಬಾರದ ಈ ದಾರಿಯ ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುತ್ತಾರೆ. "ಯಾಕಣ್ಣಾ?" ಎಂದರೆ, "ನಾನು ಬರ್ತಿದೀನಿ ಅಂತ ನನಗಾದ್ರೂ ಗೊತ್ತಾಗ್ಲಿ ಸಾರ್" ಎನ್ನುತ್ತಾರೆ.

ಸ್ವೆಟರ್ ಎರಡು ತಾ. ಒಂದು ನಿನಗೆ, ಇನ್ನೊಂದೂ ನಿನಗೇ.

ನಿನ್ನ ಕೋಣೆ ಸಿದ್ಧವಾಗಿದೆ. ಕೆಟ್ಟುಹೋದ ಉಪಕರಣಗಳನ್ನು ತುಂಬಿಟ್ಟಿದ್ದ ಕೋಣೆ ಅದು. ಅವನ್ನೆಲ್ಲ ನನ್ನ ಮಂಚದ ಕೆಳಗೆ ವರ್ಗಾಯಿಸಿ, ಗೋಡೆಗೆ ನಾನೇ ಸುಣ್ಣ ಬಳಿದೆ. ಗೋಡೆಗಿಂತ ನನಗೇ ಜಾಸ್ತಿ ಹತ್ತಿತು, ಆದರೆ ಎರಡೂ ಒಣಗಿವೆ. ಕಿಟಕಿ ತೆರೆದರೆ ಇಡೀ ಕಣಿವೆ ಕಾಣುತ್ತದೆ. ಬೆಳಿಗ್ಗೆ ಮೋಡ ನಮಗಿಂತ ಕೆಳಗಿರುತ್ತದೆ. ನಿನಗೆ ಇಷ್ಟವಾಗುತ್ತದೆ, ಎಲ್ಲರನ್ನೂ ಮೇಲಿನಿಂದ ನೋಡಿ ಅಭ್ಯಾಸ.

ಇಲ್ಲಿ ಮಾತಿಗೆ ಬರಗಾಲ. ಇರುವುದು ವೈರ್‌ಲೆಸ್ಸಿನಲ್ಲಿ ಕೇಂದ್ರ ಕಚೇರಿಯವರು ಮಾತ್ರ. ನಾನು ಉಷ್ಣಾಂಶ ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಮೊನ್ನೆ ತಡೆಯಲಾರದೆ "ನೀವು ಚೆನ್ನಾಗಿದೀರಾ?" ಎಂದು ಕೇಳಿಬಿಟ್ಟೆ. ಸ್ವಲ್ಪ ಹೊತ್ತು ಗೊರಗೊರ. ಆಮೇಲೆ, "ಇದನ್ನ ಯಾವ ಕಾಲಮಿನಲ್ಲಿ ಬರೀಲಿ?" ಎಂದರು.

ಆ ಗಿರಾಕಿಗೆ ಕೂಡಲೇ ವಿಷಾದಿಸಿದೆಯಲ್ಲ, ಚಿಕ್ಕಂದಿನಲ್ಲಿ ನನ್ನ ಗಾಳಿಪಟದ ಮೇಲೆ ಕೂತು ಅಪ್ಪಚ್ಚಿ ಮಾಡಿದಾಗ ಒಂದು ಸಲವಾದರೂ ವಿಷಾದಿಸಿದ್ದೆಯಾ? "ಅದು ನಾನು ಕೂರೋ ಜಾಗದಲ್ಲಿ ಯಾಕಿತ್ತು?" ಎಂದಿದ್ದೆ. ಇದೇ ಬಾಯಿಗೆ ಹೆದರಿ ತಾನೇ ನಿನ್ನನ್ನು ನೋಡಲು ಬಂದ ಗಂಡುಗಳೆಲ್ಲ ಕಾಫಿ ಕುಡಿಯದೆ ಎದ್ದುಹೋದದ್ದು. ಬೇಗ ಬಾ. ಬೈಯಿಸಿಕೊಂಡು ಬಹಳ ದಿನವಾಯಿತು.

ನಿನ್ನ ತಮ್ಮ


ಫೆಬ್ರವರಿ 16

ಪುಟ್ಟಾ,

ಏನು ಬರೆಯಲಿ? ಅಕ್ಷರ ಸೊಟ್ಟಗಾದರೆ ಬೈಯಬೇಡ.

ಆ ಫ್ಯಾನಿನವನು ಸುಮ್ಮನಾಗಿರಲಿಲ್ಲ. ವಕೀಲರನ್ನು ಹಿಡಿದಿದ್ದಾನೆ. ಅವರಿಂದ ನನ್ನ ಫೋನಿಗೆ ನೋಟೀಸು ಬಂದಿದೆ. "ಸದರಿ ಪಂಖವು ನಮ್ಮ ಕಕ್ಷಿದಾರರ ಸದರಿ ಮನೆಯಲ್ಲಿ ಸ್ಫೋಟಗೊಂಡು, ಸದರಿ ಟಿ.ವಿ.ಯು ಸುಟ್ಟು, ಸದರಿಯವರ ವೃದ್ಧ ತಂದೆಯವರು ಪ್ರಜ್ಞೆ ತಪ್ಪಿ" ಎಂದು ಶುರುವಾಗಿ, ಕೊನೆಗೆ ಬರುವ ಹೊತ್ತಿಗೆ ನಾನು ಸದರಿ ಜೈಲಿನಲ್ಲಿದ್ದೇನೆ. ಆ ಫ್ಯಾನು ತಿರುಗದೆ ನಿಲ್ಲುವುದು ಗೊತ್ತು, ಗೊಣಗುವುದು ಗೊತ್ತು, ಕುತ್ತಿಗೆ ಬಗ್ಗಿಸಿ ನಮಸ್ಕಾರ ಮಾಡುವುದೂ ಗೊತ್ತು. ಸಿಡಿದದ್ದು ಮಾತ್ರ ಕೇಳಿರಲಿಲ್ಲ. ಹಾಗಂತ ಹೇಳಿದೆ. ವಕೀಲರು, "ನೀವೇ ಲಿಖಿತವಾಗಿ ತಪ್ಪೊಪ್ಪಿಕೊಂಡಿದೀರಲ್ಲ ಮೇಡಂ, ಹೃತ್ಪೂರ್ವಕವಾಗಿ ಅಂತ ಬೇರೆ ಬರೆದಿದೀರ" ಎಂದರು.

ಯಾರಿಗೂ ಹೇಳಬಾರದಂತೆ, ಹೇಳಿದರೆ ಅದು ಇನ್ನೊಂದು ಅಪರಾಧವಂತೆ. ಊರು ಬಿಟ್ಟು ಹೋಗಬಾರದಂತೆ, ಹೋದರೆ ತಲೆಮರೆಸಿಕೊಂಡಂತೆ. ಅವರು ಹೇಳಿದಷ್ಟು ಹಣ ಕಳಿಸಿದರೆ ರಾಜಿ. ಆ ಹಣಕ್ಕೆ ಫ್ಯಾನಿನ ಅಂಗಡಿಯನ್ನೇ ಕೊಳ್ಳಬಹುದು. ನನ್ನ ಉಳಿತಾಯವೆಲ್ಲ ಅದಕ್ಕೇ ಸರಿಹೋಗುತ್ತದೆ.

ಓದಿ ನೋಡಿದೆ. ಇದನ್ನು ನಿನಗೆ ಹಾಕುವುದಿಲ್ಲ. ನೀನು ಅಲ್ಲಿಂದ ಏನು ಮಾಡಬಲ್ಲೆ? ಗಾಬರಿಯಾಗಿ ಬೆಟ್ಟ ಇಳಿದು ಓಡಿಬರುತ್ತೀಯ, ಅಷ್ಟೇ. ಅದೂ ಅಲ್ಲದೆ, ಯಾರ ಮಾತಿಗೂ ಮರುಳಾಗಬೇಡ ಎಂದು ನಿನಗೆ ಬುದ್ಧಿ ಹೇಳುತ್ತಾ ಬಂದವಳು ನಾನು. ಬೇರೆ ಬರೆಯುತ್ತೇನೆ.


ಫೆಬ್ರವರಿ 17

ಪ್ರೀತಿಯ ತಮ್ಮನಿಗೆ,

ನಾನು ಕ್ಷೇಮ.

ಮಾರ್ಚಿನಲ್ಲಿ ಬರುವುದು ಆಗಲಿಕ್ಕಿಲ್ಲ. ಕಾರಣ ಈಗ ಬೇಡ. ಇಲ್ಲಿ ಒಬ್ಬರ ಪರಿಚಯವಾಗಿದೆ. ವಕೀಲರು. ಗಂಭೀರವಾದ ಧ್ವನಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಪ್ಪದೆ ಫೋನ್ ಮಾಡುತ್ತಾರೆ. ನನ್ನ ಬಗ್ಗೆ ಎಲ್ಲ ವಿಚಾರಿಸಿಕೊಂಡರು. ಒಬ್ಬಳೇ ಇರುವುದಾ, ಮನೆ ಸ್ವಂತದ್ದಾ, ಹಿಂದೆ ಮುಂದೆ ಯಾರಿದ್ದಾರೆ ಎಂದೆಲ್ಲ. ನಾನು ಊರು ಬಿಟ್ಟು ಎಲ್ಲಿಗೂ ಹೋಗಬಾರದೆಂದು ಅವರ ಇಚ್ಛೆ. ಸದ್ಯಕ್ಕೆ ವಿಷಯ ನಮ್ಮಿಬ್ಬರ ನಡುವೆಯೇ ಇರಲಿ ಎಂದಿದ್ದಾರೆ. ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಯೋಚಿಸುತ್ತಿದ್ದೇನೆ.

ಊಟ ಸರಿಯಾಗಿ ಸೇರುತ್ತಿಲ್ಲ. ನಿದ್ದೆಯೂ ಅಷ್ಟಕ್ಕಷ್ಟೆ. ಫೋನ್ ಗುಣುಗುಟ್ಟಿದರೆ ಎದೆ ಡವಡವ ಎನ್ನುತ್ತದೆ. ಇದಕ್ಕಿಂತ ಹೆಚ್ಚು ಕೇಳಬೇಡ.

ಎರಡನೆಯ ಸ್ವೆಟರ್ ಕೊಂಡಿದ್ದೆ. ಪೆಟ್ಟಿಗೆಯಲ್ಲಿರಲಿ.

ನಿನ್ನ ಅಕ್ಕ


ಫೆಬ್ರವರಿ 25

ಅಕ್ಕಾ, ನನ್ನ ಮುದ್ದು ಅಕ್ಕಾ,

ನಿನ್ನ ಕಾಗದ ಓದಿದೆ. ನೀನು ಬರೆಯದೆ ಬಿಟ್ಟದ್ದನ್ನೂ ಓದಿಕೊಂಡೆ. ಮೋಡದ ಅಂಚು ನೋಡಿ ಗಾಳಿ ಹೇಳುವವನು ನಾನು, ಒಡಹುಟ್ಟಿದವಳ ಕಾಗದ ನೋಡಿ ವಿಷಯ ಹೇಳಲಾರೆನೇ? ನನಗೆ ಎಲ್ಲ ಅರ್ಥವಾಯಿತು. ನೀನು ಬಾಯಿ ಬಿಡುವ ಅಗತ್ಯವೇ ಇಲ್ಲ.

ಮೊದಲನೆಯ ಮಾತು, ನಾಚಿಕೆ ಬೇಡ. ಇಂಥದ್ದು ಯಾರಿಗೆ ಬೇಕಾದರೂ ಆಗಬಹುದು, ಯಾವ ವಯಸ್ಸಿನಲ್ಲಾದರೂ ಆಗಬಹುದು. ಎರಡನೆಯದು, ಹಠ ಮಾಡಬೇಡ. ಅವರು ಕೇಳಿದ್ದಕ್ಕೆ ಒಪ್ಪಿಕೊಂಡುಬಿಡು. ದಿನಕ್ಕೆ ಎರಡು ಸಲ ಫೋನ್ ಮಾಡುವ ಮನುಷ್ಯ ಹುಡುಗಾಟಕ್ಕೆ ಮಾಡುವುದಿಲ್ಲ. ಕೂಡಿಟ್ಟುಕೊಂಡು ಕೂತು ಏನು ಮಾಡುತ್ತೀಯ ಹೇಳು? ಕೊಡುವ ಮನಸ್ಸು ಮಾಡು.

ಆದರೆ ಕಣ್ಣು ಮುಚ್ಚಿಕೊಂಡು ಒಪ್ಪಬೇಡ. ಚೆನ್ನಾಗಿ ವಿಚಾರಿಸು. ಅವರ ಸ್ವಂತ ಊರು ಯಾವುದು, ತಂದೆ ಏನು ಮಾಡುತ್ತಿದ್ದರು, ಎಲ್ಲಿ ಓದಿದ್ದು, ವಕೀಲಿ ಸನ್ನದು ಸಿಕ್ಕಿದ್ದು ಯಾವಾಗ, ಯಾವ ಕೋರ್ಟು, ಕಚೇರಿ ಯಾವ ಬೀದಿಯಲ್ಲಿ, ಕುಡಿತ ಸಿಡುಕು ಉಂಟೋ, ಇದನ್ನೆಲ್ಲ ಕೇಳು. ಒಂದನ್ನೂ ಬಿಡಬೇಡ. ಕೇಳಲು ಸಂಕೋಚವಾದರೆ "ನನ್ನ ತಮ್ಮ ಕೇಳುತ್ತಿದ್ದಾನೆ" ಎನ್ನು. ಮುಖ್ಯವಾಗಿ, ಮನೆಗೆ ಕರೆದು ಎದುರು ಕೂರಿಸಿಕೊಂಡು ಒಂದು ಸಲ ಮುಖ ನೋಡು. ಫೋನಿನಲ್ಲಿ ಎಲ್ಲರ ಧ್ವನಿಯೂ ಗಂಭೀರವೇ. ನನ್ನದೂ ವೈರ್‌ಲೆಸ್ಸಿನಲ್ಲಿ ಗಂಭೀರ.

ಮಾರ್ಚಿಗೆ ನೀನು ಬರದಿದ್ದರೆ ಏನೂ ತೊಂದರೆಯಿಲ್ಲ. ಹೇಗೂ ಕೋಣೆ ಸಿದ್ಧವಿಲ್ಲ, ಸುಣ್ಣ ಇನ್ನೂ ಒಣಗಿಲ್ಲ. ನನಗೂ ಈಚೆಗೆ ಕೆಲಸ ಜಾಸ್ತಿ, ಮೋಡಗಳು ಬಹಳ. ನನ್ನ ಯೋಚನೆ ಬಿಡು.

ಹಾರ್ನಣ್ಣನಿಗೆ ಮಾತ್ರ ಗುಟ್ಟಾಗಿ ಹೇಳಿದೆ. ಅವರಿಗೆ ಹಿಡಿಸಲಾರದಷ್ಟು ಖುಷಿ.

ನಿನ್ನ ಸುಖವನ್ನೇ ಬಯಸುವ
ತಮ್ಮ


ಮಾರ್ಚ್ 2

ಪುಟ್ಟಾ,

ನಿನ್ನ ಕಾಗದ ಓದಿ ದಂಗಾಗಿ ಕೂತಿದ್ದೇನೆ. ಹೇಗೋ ಗೊತ್ತು ಮಾಡಿಕೊಂಡಿದ್ದೀಯಲ್ಲ! ಒಂದು ಅಕ್ಷರ ಹೇಳಿರಲಿಲ್ಲ ನಾನು. ಮನಸ್ಸು ಎಷ್ಟು ಹಗುರವಾಯಿತೆಂದರೆ, ಬಹಳ ದಿನದ ಮೇಲೆ ಎರಡನೆಯ ಸಲ ಬಡಿಸಿಕೊಂಡು ಉಂಡೆ. ನೀನು ಬೈಯುತ್ತೀಯೆಂದುಕೊಂಡಿದ್ದೆ. ನಾಚಿಕೆ ಬೇಡ ಎಂದೆಯಲ್ಲ, ಆ ಮಾತಿಗೆ ಅಳುವೇ ಬಂತು.

ನಾನು ಕೊನೆಯವರೆಗೂ ಜಗ್ಗಾಡೋಣ ಎಂದಿದ್ದೆ. ನೀನೇ ಒಪ್ಪಿಕೋ ಎಂದ ಮೇಲೆ ಮುಗಿಯಿತು. ಉಳಿತಾಯವೆಲ್ಲ ಅವರಿಗೇ ಹೋಗಲಿ. ನಾಳೆ ಬ್ಯಾಂಕಿಗೆ ಹೋಗಿ ಎಲ್ಲ ತೆಗೆದುಬಿಡುತ್ತೇನೆ. ಇವತ್ತು ಸಂಜೆ ಅವರ ಫೋನ್ ಬಂದಾಗ ನೀನು ಹೇಳಿದ ಪ್ರಶ್ನೆಗಳನ್ನೆಲ್ಲ ಕೇಳುತ್ತೇನೆ. ಕುಡಿತ, ಸಿಡುಕು ಎಲ್ಲ ಯಾಕೆ ಬೇಕೋ ನನಗೆ ಹೊಳೆಯಲಿಲ್ಲ. ಸರ್ಕಾರಿ ನೌಕರಿಯಲ್ಲಿರುವವನು, ನಿನಗೆ ಇಂಥ ವ್ಯವಹಾರದ ಕ್ರಮ ಗೊತ್ತಿರುತ್ತದೆ. ಒಂದು ಕಾಲಮನ್ನೂ ಖಾಲಿ ಬಿಡುವ ಅಭ್ಯಾಸ ನನಗೂ ಇಲ್ಲ.

ಆದರೆ ಹಾರ್ನಣ್ಣನಿಗೆ ಯಾಕೆ ಖುಷಿ? ನಾನು ಅವರಿಗೇನು ಮಾಡಿದ್ದೆ? ವಿಚಿತ್ರ ಮನುಷ್ಯ.

ನಿನ್ನ ಅಕ್ಕ


ಮಾರ್ಚ್ 11

ಅಕ್ಕಾ,

ಹಾರ್ನಣ್ಣ ಜೀಪು ತಿರುಗಿಸಿಕೊಳ್ಳುತ್ತಿದ್ದಾರೆ, ನಿಂತೇ ಬರೆಯುತ್ತಿದ್ದೇನೆ.

ಬ್ಯಾಂಕಿಗೆ ಯಾಕೆ? ಉಳಿತಾಯವೆಲ್ಲ ಯಾಕೆ? ನಾನು ಕೊಡು ಎಂದದ್ದು ಮನಸ್ಸನ್ನು! ಮದುವೆಗೆ ಮುಂಚೆಯೇ ಹೆಣ್ಣಿನ ಪಾಸ್‌ಬುಕ್ಕಿಗೆ ಕೈ ಹಾಕುವ ಗಂಡಸು ನನಗೆ ಭಾವನಾಗುವುದು ಬೇಡ. ಎಂಥ ಗಂಭೀರ ಧ್ವನಿಯಾದರೂ ಬೇಡ. ಇಷ್ಟು ವರ್ಷ ಯಾರಿಗೂ ಸೋಲದವಳು ಈ ವಯಸ್ಸಿನಲ್ಲಿ ಪ್ರೀತಿಯಲ್ಲಿ ಬಿದ್ದೆ ಎಂದು ನಾನು ಎಷ್ಟು ಸಂಭ್ರಮಪಟ್ಟಿದ್ದೆ ಗೊತ್ತಾ? ಭಾವನಿಗೆಂದು ಕೋಣೆಗೆ ಇನ್ನೊಂದು ಕುರ್ಚಿಯನ್ನೂ ರಿಪೇರಿ ಮಾಡಿಸಿಟ್ಟಿದ್ದೆ.

ದುಡ್ಡು ಕೊಟ್ಟಿದ್ದರೂ ಪರವಾಗಿಲ್ಲ, ಕೊಟ್ಟಿಲ್ಲದಿದ್ದರೆ ಕೊಡಬೇಡ. ಮನಸ್ಸು ಮುರಿದುಕೊಳ್ಳಬೇಡ. ಅವನು ಹೋದರೆ ಹೋಗಲಿ. ನಾನಿದ್ದೇನೆ. ಕೋಣೆ ಇದೆ. ರಜೆಗೆ ಬರೆದಿದ್ದೇನೆ, ಬದಲಿಗೆ ಯಾರಾದರೂ ಮೇಲೆ ಬಂದ ಕೂಡಲೇ ಹೊರಡುತ್ತೇನೆ.

ತಮ್ಮ


ಮಾರ್ಚ್ 14

ಎಲವೋ ಮೋಡದ ಮಂಕೇ!

ಪ್ರೀತಿಯೇ? ಮದುವೆಯೇ? ಭಾವನೇ? ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ನಿಂತು ಒಡೆದೆ. "ಭಾವ" ಎಂಬಲ್ಲಿಗೆ ಬಂದಾಗ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಲ್ಲೇ ಕೂತುಬಿಟ್ಟೆ. ಕೆಳಗಿನ ಮನೆಯಾಕೆ ಓಡಿಬಂದು, "ಏನಾಯ್ತ್ರೀ, ಯಾಕ್ ಅಳ್ತಿದೀರ?" ಎಂದು ಬೆನ್ನು ಸವರಿದಳು. ನಗುತ್ತಿದ್ದೇನೆಂದು ಹೇಳಲೂ ಉಸಿರಿರಲಿಲ್ಲ. ಆಮೇಲೆ ಒಳಗೆ ಹೋಗಿ ನಿನ್ನ ಹಿಂದಿನ ಕಾಗದವನ್ನು ಇನ್ನೊಂದು ಸಲ ಓದಿದೆ. ಕುಡಿತ, ಸಿಡುಕು! ಅಯ್ಯೋ ದೇವರೇ!

ನೀನು ಎಲ್ಲಿಗೂ ಓಡಿಬರಬೇಡ. ದುಡ್ಡು ಹೋಗಿಲ್ಲ. ಒಂದು ಕಾಸೂ ಹೋಗಿಲ್ಲ. ಅವತ್ತು ಬರೆದು ಹಾಕದೆ ಇಟ್ಟಿದ್ದ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ, ಮೊದಲು ಅದನ್ನು ಓದು. ಓದಿದೆಯಾ? ಅವನೇ ನಿನ್ನ ಭಾವ. ಈಗ ಮುಂದಿನದನ್ನು ಕೇಳು.

ಆ ಭಾನುವಾರ ಸಂಜೆ ಫೋನ್ ಬಂತು. ನಾನು ಕನ್ನಡಕ ಹಾಕಿಕೊಂಡು, ನಿನ್ನ ಕಾಗದವನ್ನು ಎದುರಿಗೆ ಹರಡಿಕೊಂಡು, "ವಕೀಲರೇ, ಒಪ್ಪಿಕೊಂಡಿದೀನಿ" ಎಂದೆ. ಅವನ ಧ್ವನಿಯ ಗಾಂಭೀರ್ಯವೆಲ್ಲ ಕರಗಿ ಬೆಣ್ಣೆಯಾಯಿತು.

"ಒಳ್ಳೇದಾಯ್ತು ಮೇಡಂ. ನಿಮ್ಮಂಥ ತಿಳಿದವರು ಹೀಗೇ ಮಾಡಬೇಕು."

"ಆದ್ರೆ ನನ್ನ ತಮ್ಮ ಕೆಲವು ವಿಷಯ ಕೇಳು ಅಂದಿದಾನೆ."

"ಯಾರಿಗೂ ಹೇಳ್ಬೇಡಿ ಅಂದಿರ್ಲಿಲ್ವಾ?"

"ನಾನೆಲ್ಲಿ ಹೇಳಿದೆ? ಅವನೇ ಕಂಡುಹಿಡಿದ. ಹವಾಮಾನದವನು. ಇರ್ಲಿ, ನಿಮ್ಮ ತಂದೆಯವರು ಏನು ಮಾಡ್ತಿದ್ರು?"

ನಾನು ಪೆನ್ನನ್ನು ಕಾಗದದ ಮೇಲೆ ಊರಿಕೊಂಡೆ.

"ಹಲೋ? ತಂದೆಯವರು?"

"ನಮ್ಮ ತಂದೆ ಯಾಕೆ ಮೇಡಂ ಇದಕ್ಕೆ?"

"ಗೊತ್ತಿಲ್ಲಪ್ಪ, ಕೇಳು ಅಂದಿದಾನೆ. ಸ್ವಂತ ಊರು ಯಾವುದು? ಎಲ್ಲಿ ಓದಿದ್ದು? ಸನ್ನದು ನಂಬರ್ ಹೇಳಿ, ಬರ್ಕೋತೀನಿ. ನಿಧಾನಕ್ಕೆ. ಯಾವ ಕೋರ್ಟು? ಕುಡಿಯೋ ಅಭ್ಯಾಸ ಇದೆಯಾ?"

"ಏನ್ರೀ ಇದು! ನಾನು ವಕೀಲ!"

"ಸಿಡುಕು ಇದೆ ಅಂತ ಬರ್ಕೊಳ್ಲಾ?"

ನಂಬರು ಕೇಳಿದ್ದಕ್ಕೆ ಏನೋ ಒಂದು ಒದರಿದ. ನಾನು ಅದನ್ನು ಬರೆದುಕೊಂಡು, ತಿರುಗಿ ಓದಿ ಹೇಳಿ, ಮತ್ತೊಮ್ಮೆ ಹೇಳಿಸಿದೆ. ನಮ್ಮ ವಿಭಾಗದ ಪದ್ಧತಿ ಅದು. ಎರಡನೆಯ ಸಲ ಬೇರೆಯೇ ನಂಬರು ಬಂತು. ಆದರೂ ನನಗೆ ಬುದ್ಧಿ ಬರಲಿಲ್ಲ ನೋಡು, ಅವನಿಗೆ ಗಾಬರಿಯಾಗಿರಬೇಕು ಪಾಪ ಎಂದುಕೊಂಡೆ. ಕೊನೆಗೆ, "ದುಡ್ಡು ಕೈಗೇ ಕೊಡ್ತೀನಿ, ಮನೆಗೆ ಬನ್ನಿ. ಮುಖ ನೋಡದೆ ಒಪ್ಪಬಾರದು ಅಂದಿದಾನೆ ತಮ್ಮ. ಟೀ ಕುಡ್ಕೊಂಡು ಹೋಗೋರಂತೆ" ಎಂದೆ.

"ಬರಕ್ಕಾಗಲ್ಲ ಮೇಡಂ, ಕೋರ್ಟಲ್ಲಿದೀನಿ, ಜಡ್ಜ್ ಕೂತಿದಾರೆ."

"ಭಾನುವಾರ ಸಂಜೆನಾ?"

ಫೋನ್ ಇಟ್ಟುಬಿಟ್ಟ. ಆಗ, ಪುಟ್ಟಾ, ಆಗ ನನ್ನೊಳಗಿನ ದೂರು ವಿಭಾಗ ಎದ್ದು ಕೂತಿತು. ಇಷ್ಟು ವರ್ಷದಲ್ಲಿ ನಾನು ಕಂಡ ನಿಜವಾದ ದೂರುದಾರ ಒಬ್ಬನಾದರೂ ವಿಳಾಸ ಕೇಳಿದಾಗ ತಡವರಿಸಿದ್ದಿಲ್ಲ. ಫ್ಯಾನು ಕೆಟ್ಟವನು ಕೇಳದಿದ್ದರೂ ಹೇಳುತ್ತಾನೆ. ಬೀದಿಯ ಹೆಸರು, ಪಕ್ಕದ ಅಂಗಡಿಯ ಗುರುತು, ಮಾವ ಊಟಕ್ಕೆ ಬಂದಾಗಲೇ ಅದು ನಿಂತು ಮಾನ ಹೋದ ಕಥೆ, ಎಲ್ಲವನ್ನೂ. ಸಿಟ್ಟಿರುವವನಿಗೆ ತನ್ನ ಹೆಸರು ಹೇಳುವುದೆಂದರೆ ಹೆಮ್ಮೆ. ಅಪ್ಪನ ಉದ್ಯೋಗ ಕೇಳಿದರೆ ಬೆವರುವ ದೂರುದಾರ ಎಂಥವನು?

ಮರುದಿನ ಬ್ಯಾಂಕಿಗೆ ಹೋಗುವ ಬದಲು ಕೋರ್ಟಿನ ಆವರಣದ ವಕೀಲರ ಸಂಘಕ್ಕೆ ಹೋದೆ. ಅಲ್ಲಿ ಒಬ್ಬ ವಕೀಲೆ, ನನ್ನ ಅರ್ಧ ವಯಸ್ಸಿನವಳು, ಬಾಯಲ್ಲಿ ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ನೋಟೀಸು ಓದಿದಳು. ಎರಡು ನಂಬರನ್ನೂ ನೋಡಿ, "ಅಮ್ಮಾ, ಇದು ಸನ್ನದಿನ ನಂಬರಲ್ಲ, ಯಾರದೋ ಗ್ಯಾಸ್ ಕನೆಕ್ಷನ್ ಇರ್ಬೇಕು" ಎಂದಳು. ವಿಷಾದಿಸಿದ್ದು ಅಪರಾಧವಾ ಎಂದು ಕೇಳಿದೆ. "ಹಾಗಾದ್ರೆ ನಮ್ಮ ಮನೆಯವರು ದಿನಕ್ಕೆ ಹತ್ತು ಸಲ ಜೈಲಿಗೆ ಹೋಗ್ಬೇಕು" ಎಂದಳು. ವಕೀಲ ಫೋನಿನಲ್ಲಿ ಯಾರನ್ನೂ ಬಂಧಿಸಲಾರ, ಊರು ಬಿಡಬೇಡ ಎನ್ನಲಾರ, ನಿಜವಾದ ನೋಟೀಸಿಗೆ ಹೆಸರು, ವಿಳಾಸ, ಸಹಿ ಇರುತ್ತದೆ, ಯಾರಿಗೂ ಹೇಳಬೇಡಿ ಎಂದು ಅಂಗಲಾಚುವುದಿಲ್ಲ ಎಂದಳು. ಮೆಸೇಜು ಯಾವುದನ್ನೂ ಅಳಿಸಬೇಡಿ, ಇನ್ನು ಒಂದಕ್ಕೂ ಉತ್ತರ ಕೊಡಬೇಡಿ, ನೇರ ಸೈಬರ್ ಪೊಲೀಸರ ಹತ್ತಿರ ಹೋಗಿ ಎಂದಳು.

ಹೋದೆ. ಜೀವಮಾನದಲ್ಲಿ ಮೊದಲ ಸಲ ದೂರಿನ ಕೌಂಟರಿನ ಈಚೆ ಬದಿ ಕೂತೆ. ಎಂಥ ಸುಖ ಅಂತೀಯ! ನಾವು ಹೇಳುತ್ತಾ ಹೋಗುವುದು, ಅವರು ಬರೆಯುತ್ತಾ ಹೋಗುವುದು. ಆ ಪೊಲೀಸಿನವರು ಒಂದು ಸಲವೂ ವಿಷಾದಿಸಲಿಲ್ಲ, ಸೀದಾ ಕೆಲಸ ಮಾಡಿದರು. ಹೀಗೂ ಮಾಡಬಹುದೆಂದು ನಮ್ಮ ಕಂಪನಿಗೆ ಹೊಳೆದೇ ಇರಲಿಲ್ಲ. ಗಿರಾಕಿಯೂ ವಕೀಲನೂ ಒಬ್ಬನೇ ಅಂತೆ, ಇನ್ನೂ ಎಷ್ಟೋ ಜನರಿಗೆ ಇದೇ ಆಟ ಕಟ್ಟಿದ್ದಾನಂತೆ. ಮಾರಾಟದ ಜಾಲತಾಣದವರಿಗೂ ಬರೆದೆ, ಅವನ ಖಾತೆ ಮುಚ್ಚಿದರು. ಅಂದಿನಿಂದ ಫೋನು ಮೌನವ್ರತದಲ್ಲಿದೆ. ಫ್ಯಾನು ಹೋದದ್ದು ಹೋಯಿತು. ಆ ಕಳ್ಳ ಅದನ್ನು ಮಂಚದ ಪಕ್ಕ ಇಟ್ಟುಕೊಂಡು ಮಲಗಲಿ ಎಂಬುದೇ ನನ್ನ ಶಾಪ.

ನೋಡು, ಹೆಂಗಸೊಬ್ಬಳು ಮೋಸಹೋಗದಿರಲು ಏನೇನು ಕೇಳಬೇಕೋ ಅಷ್ಟನ್ನೂ ನೀನು ಬರೆದುಕೊಟ್ಟಿದ್ದೆ. ಯಾವ ರೋಗಕ್ಕೆ ಎಂಬುದು ಮಾತ್ರ ನಿನಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಫೆಬ್ರವರಿ ಹನ್ನೊಂದಕ್ಕೆ "ಎರಡೂ ಒಣಗಿವೆ" ಎಂದು ಬರೆದವನು ಇಪ್ಪತ್ತೈದಕ್ಕೆ "ಸುಣ್ಣ ಇನ್ನೂ ಒಣಗಿಲ್ಲ" ಎಂದು ಬರೆದಿದ್ದೀಯ. ಹವಾಮಾನ ಇಲಾಖೆಯವನ ಬಾಯಲ್ಲಿ ಬರುವ ಸುಳ್ಳೇ ಇದು? ಅಂದು ಗಾಬರಿಯಲ್ಲಿ ಗಮನಿಸಿರಲಿಲ್ಲ. ಇವತ್ತು ಓದುವಾಗ ಕಣ್ಣಿಗೆ ಬಿತ್ತು. ಆಮೇಲೆ ಅಕ್ಷರ ಸರಿಯಾಗಿ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡೆ.

ಇಪ್ಪತ್ತೈದರ ಜೀಪಿಗೆ ಬರುತ್ತಿದ್ದೇನೆ. ರಜೆ ರದ್ದು ಮಾಡಿಸು. ಸ್ವೆಟರ್ ಎರಡೂ ಪೆಟ್ಟಿಗೆಯಲ್ಲಿವೆ, ಆದರೆ ಒಂದು ನಿನ್ನ ಅಳತೆಯದು.

ನಿನ್ನ ಅಕ್ಕ


ಮಾರ್ಚ್ 25
(ಬಾಗಿಲಿಗೆ ಅಂಟಿಸಿದ್ದು)

ಅಕ್ಕಾ,

ಬಾಗಿಲಿಗೆ ಚಿಲಕ ಮಾತ್ರ ಹಾಕಿದೆ. ತೆಗೆದು ಒಳಗೆ ಹೋಗಿ ಕಾಲು ಚಾಚಿ ಕೂತುಕೋ. ಎಡಗಡೆಯದು ನಿನ್ನ ಕೋಣೆ. ಗೋಡೆ ಮುಟ್ಟಿ ನೋಡಬಹುದು.

ನಾನು ಮೇಲೆ ಉಪಕರಣಗಳ ಹತ್ತಿರ ಇದ್ದೇನೆ, ಅಳತೆಯ ಹೊತ್ತು ತಪ್ಪಿಸುವಂತಿಲ್ಲ ಎಂದು ಬರೆಯೋಣವೆಂದಿದ್ದೆ. ಆದರೆ ನಿನ್ನ ಹತ್ತಿರ ಸುಳ್ಳು ಹೇಳಿ ಒಮ್ಮೆ ಸಿಕ್ಕಿಬಿದ್ದದ್ದು ಸಾಕು. ಅಳತೆ ಆಗಲೇ ಮುಗಿದಿದೆ. ನಾನು ನೀರಿನ ಟ್ಯಾಂಕಿನ ಹಿಂದೆ ಬಚ್ಚಿಟ್ಟುಕೊಂಡಿದ್ದೇನೆ.

ಕಾರಣ ಹಾರ್ನಣ್ಣ. ಗುಟ್ಟು ಎಂದರೆ ಅವರ ಲೆಕ್ಕದಲ್ಲಿ ಕೆಳಗಿನ ಟೀ ಅಂಗಡಿ, ಪೆಟ್ರೋಲ್ ಬಂಕು ಮತ್ತು ಗೇಟಿನವರು. ಕೇಂದ್ರ ಕಚೇರಿಗೂ ಹೇಗೋ ಮುಟ್ಟಿ, ಅವರು ವೈರ್‌ಲೆಸ್ಸಿನಲ್ಲಿ ನನಗೆ ಅಭಿನಂದನೆ ಹೇಳಿದರು. ಹೋದ ವಾರ ಹಾರ್ನಣ್ಣ ಜೀಪು ತೊಳೆಸಿ, ಸೀಟಿಗೆ ಹೊಸ ಕವರು ಹೊಲಿಸಿಕೊಂಡು ಬಂದು, "ಭಾವನೋರು ಮೊದಲನೇ ಸಲ ಬರೋದು ಸಾರ್, ನಾಳೆ ಯಾರೂ ಆಡ್ಕೋಬಾರ್ದು ನೋಡಿ" ಎಂದು ಎದುರು ನಿಂತಾಗ, ಭಾವನೇ ಇಲ್ಲವೆಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. "ನೋಡೋಣ ಅಣ್ಣಾ" ಎಂದುಬಿಟ್ಟೆ. ನೀನು ಇದನ್ನು ಓದುವ ಹೊತ್ತಿಗೆ ಅವರು ನಿನ್ನ ಪೆಟ್ಟಿಗೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರಬೇಕು. ಮುಖ ಸಪ್ಪಗಿರಬೇಕು.

ಅವರಿಗೆ ನಿಜ ನೀನೇ ಹೇಳಿಬಿಡು ಅಕ್ಕಾ. ವಕೀಲನನ್ನೇ ಬೆವರಿಸಿದವಳು, ನಿನ್ನಿಂದಾಗುತ್ತದೆ. ಅವರು ಹೊರಟ ಸದ್ದು ಕೇಳಿದ ಕೂಡಲೇ ಓಡಿಬರುತ್ತೇನೆ. ಇಳಿಜಾರು, ತಡವಾಗುವುದಿಲ್ಲ.

ಮೇಜಿನ ಮೇಲೆ ಫ್ಲಾಸ್ಕಿನಲ್ಲಿ ಎರಡು ಲೋಟ ಟೀ ಇದೆ. ಒಂದು ನಿನ್ನದು. ಇನ್ನೊಂದನ್ನು ಪಾಪ ಎಂದು ಹಾರ್ನಣ್ಣನಿಗೆ ಕೊಟ್ಟುಬಿಡಬೇಡ. ಕೊಟ್ಟರೆ ಅವರು ಕೂತುಬಿಡುತ್ತಾರೆ, ನೀನು ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ, ಅಷ್ಟು ಹೊತ್ತೂ ನಾನು ಟ್ಯಾಂಕಿನ ಹಿಂದೆಯೇ ಕೂತು, ನೀನು ನಗುವುದನ್ನು ದೂರದಿಂದ ಕೇಳುತ್ತಿರಬೇಕಾಗುತ್ತದೆ.

ತಮ್ಮ